ಬೆನ್ನು ಮಣ್ಣಿಗೆ ಹತ್ತಿದ ಮೇಲೆ

"ಕಾಲು ಕೊಟ್ಟೆ," ಅಂದೆ.

ಸರ್ ದಾಳ ಉರುಳಿಸಿದರು. ಬಗ್ಗಿ ನೋಡಿದರು. ಮುಖ ಸಣ್ಣದಾಯಿತು.

"ಬಿದ್ದ. ಕಳ್ಳರ ದೊರೆ ಅಂಗಾತ ಬಿದ್ದ. ಬೆನ್ನು ನೆಲಕ್ಕೆ ಹತ್ತೈತೆ."

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ತೊಡೆ ತಟ್ಟಿದೆ. "ಚಿತ್!" ಅಂತ ಕೂಗಿದ್ದು ಕೆಳಗಿನ ಮನೆಗೂ ಕೇಳಿರಬೇಕು.

"ಯಾರೂ ಮುಟ್ಟಬ್ಯಾಡ್ರಿ ಅವನ್ನ. ಮುಗೀತು. ನನ್ನ ಜಟ್ಟಿ ಈಗ ಅವನಿಗೆ ಬೆನ್ನು ಮಾಡಿ, ಎರಡೂ ಕೈ ಮ್ಯಾಲೆತ್ತಿ, ಒಂದು ಸುತ್ತು ಹಾಕ್ತಾನೆ."

"ಬೆನ್ನು ಮಾಡಿ?" ಅಂದರು ಸರ್.

"ಹೂಂ ಸರ್, ಬೆನ್ನು ಮಾಡಿ."

"ವಿಚಾರ ಮಾಡಿ ಹೇಳಪ."

"ಎಷ್ಟು ಸಲ ಕೇಳ್ತೀರಿ? ಗೆದ್ದೋನು ಸುತ್ತು ಹಾಕ್ದೆ ಇರ್ತಾನೇನ್ರಿ?"

ಮೇಜಿನ ಸುತ್ತ ಕೂತಿದ್ದ ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬಾಯಿ ಬಿಡಲಿಲ್ಲ. ಇವತ್ತಿಗೂ ನನಗೆ ಸಿಟ್ಟಿರುವುದು ಆ ಸುಮ್ಮನಿದ್ದುದರ ಮೇಲೆ. ಜಟ್ಟಿ ಸತ್ತದ್ದು ಆಮೇಲಿನ ಮಾತು.

ಈ ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ. ಕೋಟೆ, ಕಾಡು, ರಾಕ್ಷಸ, ಕಳ್ಳರ ದೊರೆ ಎಲ್ಲ ಅವರ ಕೈಯಲ್ಲಿ. ಉಳಿದವರಿಗೆ ತಲೆಗೊಂದು ಪಾತ್ರ. ನಿನ್ನ ಸರದಿ ಬಂದಾಗ ಏನು ಮಾಡುತ್ತೀ ಅಂತ ಬಾಯಲ್ಲಿ ಹೇಳಬೇಕು, ಆಮೇಲೆ ದಾಳ ಹಾಕಬೇಕು. ದಾಳ ಚೆನ್ನಾಗಿ ಬಿದ್ದರೆ ಹೇಳಿದ್ದು ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಹೇಳಿದ ಮಾತು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಪಾತ್ರ ಸತ್ತರೆ ಸತ್ತ. ತಿಂಗಳುಗಟ್ಟಲೆ ಆಡಿ ಬೆಳೆಸಿದ್ದೆಲ್ಲ ಹೋಯಿತು, ಮತ್ತೆ ಅ ಆ ಇ ಈಯಿಂದ ಶುರು.

ನಾವು ಆಡುವುದು ಹರಿಹರದ ಪಕ್ಕದ ಪಟ್ಟಣದಲ್ಲಿ, ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ, ಸರ್ ಅವರ ಬಾಡಿಗೆ ಮನೆಯ ಮಹಡಿಯಲ್ಲಿ. ಭಾನುವಾರ ಊಟ ಆದ ಮೇಲೆ. ಸರ್ ಅಂದರೆ ಕಾಲೇಜಿನಲ್ಲಿ ಪಾಠ ಹೇಳುವವರು, ನನಗಿಂತ ಬಹಳ ದೊಡ್ಡವರೇನಲ್ಲ. ಕಥೆ ನಡೆಸುವುದು ಅವರೇ. ಮಂತ್ರಗಾತಿಯ ಪಾತ್ರ ವಿದ್ಯಾನಗರದ ಹಾಸ್ಟೆಲಿನಲ್ಲಿರುವ ಒಬ್ಬ ಹುಡುಗಿಯದು. ಡಾಕ್ಟರ್ ಓದುತ್ತಿದ್ದಾಳೆ, ನಾವೆಲ್ಲ ಡಾಕ್ಟರಮ್ಮ ಅಂತಲೇ ಕರೆಯುವುದು. ಕಳ್ಳನ ಪಾತ್ರ ಪೇಟೆಯ ಬಟ್ಟೆ ಅಂಗಡಿಯ ಭಾಯ್‌ದು. ಪೂಜಾರಿಯ ಪಾತ್ರ ನನ್ನ ಗೆಳೆಯನದು. ಗಾಯ ವಾಸಿ ಮಾಡುವ ಕೆಲಸ ಪೂಜಾರಿಯದು.

ಗೆಳೆಯ ಮತ್ತು ನಾನು ಹರಿಹರದಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ನಾನು ಎಂಟನೇ ಕ್ಲಾಸಿಗೆ ಬಿಟ್ಟೆ. ಅವನು ಡಿಪ್ಲೊಮಾ ಮಾಡಿದ. ಈಗ ಇಬ್ಬರೂ ಗುತ್ತೂರಿನ ಹತ್ತಿರ ಒಂದೇ ಕಾರ್ಖಾನೆಯಲ್ಲಿದ್ದೇವೆ. ನಾನು ಲೇಥ್ ಮುಂದೆ ನಿಂತು ಪಾರ್ಟು ಕಡೆಯುತ್ತೇನೆ. ಅವನು ಗಾಜಿನ ಕೋಣೆಯಲ್ಲಿ ಕೂತು ನಾನು ಕಡೆದದ್ದನ್ನು ಅಳೆಯುತ್ತಾನೆ. ಇದರ ಬಗ್ಗೆ ನನಗೆ ಏನೂ ಬೇಸರ ಇರಲಿಲ್ಲ. ಅವನೇ ನನ್ನನ್ನು ಈ ಆಟಕ್ಕೆ ಕರೆತಂದ. ಒಬ್ಬ ಕಡಿಮೆ ಬಿದ್ದಿದ್ದ, ಮುಂದೆ ನಿಂತು ಹೊಡೆತ ತಿನ್ನುವವನು.

ಮೊದಲ ದಿನವೇ ಸಿಟ್ಟು ಬಂದಿತ್ತು.

"ನೀವು ಫೈಟರ್ ಆಗ್ರಿ ಅಣ್ಣ," ಅಂದಳು ಡಾಕ್ಟರಮ್ಮ. "ಸುಲಭ ಐತೆ. ಮುಂದೆ ನಿಂತ್ಕೊಂಡು ಹೊಡೀತಾ ಇದ್ರೆ ಆಯ್ತು."

"ನಾನೂ ಅದೇ ಹೇಳ್ದೆ," ಅಂದ ಗೆಳೆಯ. "ಜಾಸ್ತಿ ಓದೋದೇನೂ ಇರಲ್ಲ."

ಫೈಟರ್‌ಗಳಲ್ಲಿ ಎರಡು ಜಾತಿ. ಒಬ್ಬ ಬರೀ ಹೊಡೆಯುವವನು. ದಾಳ ಹಾಕಿದ, ಹೊಡೆದ, ಸರದಿ ಮುಗಿಯಿತು. ಇನ್ನೊಬ್ಬನಿಗೆ ಪಟ್ಟುಗಳಿರುತ್ತವೆ. ಕಾಲು ಕೊಟ್ಟು ಕೆಡವುವುದು, ಕೈಯಲ್ಲಿನ ಆಯುಧ ಕಸಿಯುವುದು, ಹಿಂದಕ್ಕೆ ದಬ್ಬುವುದು, ಬಂದ ಏಟನ್ನು ಅವನ ಮೇಲೇ ತಿರುಗಿಸುವುದು. ಪಟ್ಟು ಹಾಕಿದಾಗಲೆಲ್ಲ ಅದಕ್ಕೇ ಇಟ್ಟ ದಾಳಗಳಲ್ಲಿ ಒಂದು ಖರ್ಚಾಗುತ್ತದೆ. ದಾಳ ಖಾಲಿಯಾದರೆ ಪಾತ್ರ ಎಲ್ಲಾದರೂ ಕೂತು ದಣಿವಾರಿಸಿಕೊಳ್ಳಬೇಕು, ಆಗ ವಾಪಸ್ ಬರುತ್ತವೆ. ಯಾವಾಗ ಹಾಕಬೇಕು, ಯಾವಾಗ ಉಳಿಸಿಕೊಳ್ಳಬೇಕು ಅಂತ ತಲೆ ಓಡಿಸಬೇಕು.

ನನಗೆ ಪಟ್ಟಿನವನೇ ಬೇಕು ಅಂದೆ.

"ಅದು ಸ್ವಲ್ಪ ಕಷ್ಟಪ," ಅಂದರು ಸರ್.

"ಕಷ್ಟ ಅಂದ್ರೆ?"

"ನೆನಪಿಟ್ಕೋಬೇಕು. ಲೆಕ್ಕ ಇರ್ತೈತೆ."

"ಮೈಕ್ರಾನು ಲೆಕ್ಕದಾಗ ಕೆಲಸ ಮಾಡ್ತೀನ್ರಿ ಸರ್ ನಾನು."

ಭಾಯ್ ನಕ್ಕ. "ಕೊಡ್ರಿ ಸರ್, ಉಸ್ತಾದ್ ಕೇಳ್ತಾ ಅದಾನೆ. ಪೈಲ್ವಾನ್ ಮನುಷ್ಯ, ಬ್ಯಾಡ ಅಂದ್ರೆ ನಿಮ್ಮನ್ನೇ ಎತ್ತಿ ಒಗೀತಾನೆ."

ಪೈಲ್ವಾನ್ ಅಂದದ್ದು ಯಾಕೆಂದರೆ ನಾನು ಹರಿಹರದ ಗರಡಿಯಲ್ಲಿ ಬೆಳೆದವನು. ಸಣ್ಣವನಿದ್ದಾಗಿಂದ ಮಂಡಿ ಹೋಗುವ ತನಕ ಅಲ್ಲೇ ಇದ್ದೆ. ಈಗ ಮೆಟ್ಟಿಲು ಹತ್ತಿದರೆ ಆ ಮಂಡಿ ಕಟಕಟ ಅನ್ನುತ್ತದೆ. ಕುಸ್ತಿ ಮುಗಿಯಿತು. ಅದಕ್ಕೇ ನನಗೆ ಆ ಜಟ್ಟಿ ಬೇಕಾಗಿದ್ದ. ಇದರಲ್ಲಿ ಮುಚ್ಚಿಡುವುದೇನಿದೆ? ಮಂಡಿ ಇಲ್ಲದ ನಾನು ಮಂಡಿ ಇರುವ ಒಬ್ಬನನ್ನು ಆಡಿಸುತ್ತಿದ್ದೆ. ಲೇಥಿನಲ್ಲಿ ಉಳಿದ ಹಿತ್ತಾಳೆ ತುಂಡಿನಿಂದ ಅವನನ್ನು ಕಡೆದೆ. ಭುಜ ಅಗಲ, ಸೊಂಟ ಸಣ್ಣ. ಉಳಿದವರೆಲ್ಲ ಗೆರೆ ಎಳೆದ ರಟ್ಟಿನ ಮೇಲೆ ಬಾಟಲಿ ಮುಚ್ಚಳ ಇಟ್ಟು ಆಡುತ್ತಿದ್ದರು.

ಇನ್ನೊಂದು ಸಿಟ್ಟು ಹೇಳಲೇಬೇಕು. ಡಾಕ್ಟರಮ್ಮನ ಸರದಿ ಬಂದರೆ ನಾವು ಒಂದು ತಟ್ಟೆ ಮಂಡಕ್ಕಿ ಮುಗಿಸಬಹುದು. ಬೆಂಕಿ ಬೇಕಾ, ಮಂಜು ಬೇಕಾ, ಮಾಯ ಆಗಬೇಕಾ, ಗೋಡೆ ದಾಟಬೇಕಾ, ಎಲ್ಲಕ್ಕೂ ಒಂದೊಂದು ಮಂತ್ರ. ಅವಳು ಏನು ಕೇಳಿದರೂ ಸರ್ "ಆಗ್ತೈತೆ" ಅನ್ನುತ್ತಾರೆ. ನಾನು ಕಂಬಕ್ಕೆ ಒದ್ದು ಅದರ ಬಲದಲ್ಲಿ ಹಾರಿ ಹಿಡಿಯುತ್ತೇನೆ ಅಂದರೆ "ಅದು ಹೆಂಗೆ ಸಾಧ್ಯ, ಮನುಷ್ಯ ಅಷ್ಟು ಹಾರ್ತಾನಾ?" ಅನ್ನುತ್ತಾರೆ. ಬೆರಳ ತುದಿಯಿಂದ ಬೆಂಕಿ ಉಂಡೆ ಬರುವುದು ಸಾಧ್ಯ, ಮನುಷ್ಯ ಹಾರುವುದು ಸಾಧ್ಯವಿಲ್ಲ. ಇದನ್ನು ನಾನು ಕೇಳಿಯೂ ಕೇಳಿದೆ. "ಅದು ಮಂತ್ರ ಅಲ್ವಾ ಅಣ್ಣ," ಅಂದಳು ಅವಳು. ಅಂದರೆ ಮೈಯಿಂದ ಮಾಡುವುದಕ್ಕೆ ಮಾತ್ರ ಕಾನೂನು.

ಅದಕ್ಕೇ ಆ ಪಟ್ಟುಗಳು ನನಗೆ ಅಷ್ಟು ಮುಖ್ಯ ಇದ್ದವು. ಆಟದ ನಿಯಮದ ಪುಸ್ತಕದಲ್ಲೇ ಬರೆದಿದ್ದು. ಅದಕ್ಕೆ ಸರ್ ಕೂಡ ಇಲ್ಲ ಅನ್ನುವ ಹಾಗಿರಲಿಲ್ಲ.

ಪುಸ್ತಕ ಇಂಗ್ಲಿಷಿನದು. ನನಗೆ ಕನ್ನಡ ಓದಲಿಕ್ಕೆ ಬರುತ್ತದೆ, ನಿಧಾನ. ಇಂಗ್ಲಿಷ್ ಬರುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಶೆಡ್ಡಿನ ಹಿಂದೆ ಗೆಳೆಯ ಮೊಬೈಲಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದ, ನಾನು ರೊಟ್ಟಿ ತಿನ್ನುತ್ತ ಕೇಳುತ್ತಿದ್ದೆ.

"ಕಾಲು ಕೊಡೋದು ಅಂತ ಒಂದೈತೆ ನೋಡಲೇ," ಅಂದಿದ್ದ ಒಂದು ದಿನ. "ಏಟು ಹತ್ತಿದ ಮ್ಯಾಲೆ ಈ ಪಟ್ಟು ಹಾಕ್ಬೋದು. ಎದುರಿನೋನು ತಡಕೊಳ್ಳಾಕ ದಾಳ ಹಾಕ್ತಾನೆ. ಆಗ್ಲಿಲ್ಲ ಅಂದ್ರೆ ದಬ್ ಅಂತ ಕೆಳಗ ಬೀಳ್ತಾನೆ."

"ಅಂಗಾತ?"

"ಅಂಗಾತ."

"ಎಷ್ಟು ದೊಡ್ಡೋನಾದ್ರೂ?"

"ಬಹಳ ದೈತ್ಯ ಇದ್ರೆ ಇಲ್ಲ. ನಮ್ಮಂಗ ಮನುಷ್ಯ ಇದ್ರೆ ಬೀಳ್ತಾನೆ."

"ಸಾಕು ಬಿಡು," ಅಂದೆ. "ಇದೇ ಬೇಕು ನನಗ."

ಬಾಯಲ್ಲಿದ್ದ ರೊಟ್ಟಿ ನುಂಗಿ ಅಲ್ಲೇ ಎದ್ದು ಅವನಿಗೆ ಆ ಪಟ್ಟು ತೋರಿಸಿದೆ. ಒಳಗಾಲು ಹೇಗೆ ಹೋಗಬೇಕು, ಭಾರ ಎಲ್ಲಿ ಬೀಳಬೇಕು ಅಂತ. ಅವನು ನಗುತ್ತ ನೋಡುತ್ತಿದ್ದ. ಮೊಬೈಲ್ ಕಿಸೆಗೆ ಹಾಕಿಕೊಂಡ. ಸೈರನ್ ಆಯಿತು, ಒಳಗೆ ಹೋದೆವು.

ಗರಡಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಮುಗಿಯಿತು. ಎರಡೂ ಭುಜ ಹತ್ತಬೇಕು, ಆಕಾಶ ನೋಡಬೇಕು, ಅದೇ ಚಿತ್. ಆಮೇಲೆ ಯಾರೂ ಯಾರನ್ನೂ ಮುಟ್ಟುವ ಹಾಗಿಲ್ಲ. ಗೆದ್ದವನು ಬಿದ್ದವನನ್ನು ಕೈ ಹಿಡಿದು ಎಬ್ಬಿಸುತ್ತಾನೆ, ಮಣ್ಣು ಒರೆಸುತ್ತಾನೆ, ಆಮೇಲೆ ಕೈ ಎತ್ತಿ ಕಣದ ಸುತ್ತ ಒಂದು ಸುತ್ತು ಹಾಕುತ್ತಾನೆ. ಬಿದ್ದವನಿಗೆ ಮತ್ತೆ ಕೈ ಹಾಕಿದರೆ ಗರಡಿಯ ಉಸ್ತಾದರು ಬೆತ್ತ ತರುತ್ತಿದ್ದರು. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ. ಊಟಕ್ಕೆ ಮೊದಲು ಕೈ ತೊಳೆಯುವುದನ್ನು ಯಾರು ಕಲಿಸಿದರು ಅಂತ ನೆನಪಿರುತ್ತದೆಯೇ? ಹಾಗೆ. ಕೆಡವುವ ಪಟ್ಟು ಅಂದರೆ ಕುಸ್ತಿ ಮುಗಿಸುವ ಪಟ್ಟು ಅಂತಲೇ ನಾನು ತಿಳಿದದ್ದು. ಬೇರೆ ಅರ್ಥ ಇರಬಹುದು ಅಂತ ಅನುಮಾನವೇ ಬರಲಿಲ್ಲ.

ಆ ಭಾನುವಾರಕ್ಕೆ ವಾಪಸ್ ಬರುತ್ತೇನೆ.

ಕಳ್ಳರ ದೊರೆಯನ್ನು ಹಿಡಿಯಲು ನಾವು ಮಳೆಗಾಲದಿಂದ ಆಡುತ್ತಿದ್ದೆವು. ಅವನ ಗುಹೆ ಸಿಕ್ಕಿತು, ಒಳಗೆ ಹೋದೆವು, ಹೊಡೆದಾಟ ಶುರುವಾಯಿತು. ಡಾಕ್ಟರಮ್ಮನ ಬೆಂಕಿ ಅವನಿಗೆ ತಾಗಲಿಲ್ಲ. ಭಾಯ್ ಎಸೆದ ಚೂರಿ ಕಂಬಕ್ಕೆ ಹೊಡೆಯಿತು. ಗೆಳೆಯನಿಗೇ ಗಾಯ ಆಯಿತು. ನನ್ನ ಜಟ್ಟಿ ಒಬ್ಬನೇ ಮುಂದೆ ನಿಂತು ಹೊಡೆತ ತಿಂದ. ಕಾಲು ಕೊಡುವ ಪಟ್ಟನ್ನು ಅಲ್ಲಿಯ ತನಕ ಎಲ್ಲಿಯೂ ಹಾಕದೆ ಉಳಿಸಿಕೊಂಡಿದ್ದೆ. ಕೊನೆಯ ದಾಳ ಇತ್ತು. ಹಾಕಿದೆ. ಬಿದ್ದ.

ನಾನು ಸುತ್ತು ಹಾಕುತ್ತೇನೆ ಅಂದೆ. ಉಳಿದವರ ಸರದಿ ಬಂತು.

ಡಾಕ್ಟರಮ್ಮ ಗುಹೆಯ ಹಿಂದಿನ ಬಾಗಿಲಿನ ಬೀಗಕ್ಕೆ ಮಂತ್ರ ಹಾಕಿದಳು. ಭಾಯ್ ದೊರೆಯ ಗಂಟು ಎತ್ತಿಕೊಂಡ. ಗೆಳೆಯ ತನ್ನ ಗಾಯ ವಾಸಿ ಮಾಡಿಕೊಂಡ. ನನ್ನ ಕಡೆ ನೋಡಲಿಲ್ಲ.

"ಈಗ ದೊರೆ ಸರದಿ," ಅಂದರು ಸರ್. "ಅವನು ಏಳ್ತಾನೆ."

"ಏಳ್ತಾನೆ ಅಂದ್ರೆ?"

"ಎದ್ದು ನಿಲ್ತಾನಪ. ಬಿದ್ದೋನು ತನ್ನ ಸರದಿಗೆ ಇರೋ ನಡಿಗೆದಾಗ ಅರ್ಧ ಖರ್ಚು ಮಾಡಿ ಏಳ್ಬೋದು. ನಿನ್ನ ಜಟ್ಟಿ ಬೆನ್ನು ಮಾಡ್ಯಾನೆ. ಕೈ ಮ್ಯಾಲೈತೆ."

"ಸರ್, ಅವನು ಸೋತಾನೆ."

"ಸೋತಿಲ್ಲ. ಬಿದ್ದಾನೆ ಅಷ್ಟೆ. ಜೀವ ಸೊನ್ನೆಗೆ ಬರೋ ತನಕ ಯಾರೂ ಸೋಲಲ್ಲ."

ಹಿಂದಿನಿಂದ ಹೊಡೆದ. ದಾಳ ಉರುಳಿತು, ಇಪ್ಪತ್ತು ಬಿತ್ತು. ಅದಕ್ಕಿಂತ ಮೇಲೆ ಆ ದಾಳದಲ್ಲಿ ಇಲ್ಲ. ಏಟು ಬಿದ್ದಷ್ಟೂ ಇಳಿಯುವ ಜೀವದ ಅಂಕ ಜಟ್ಟಿಗೆ ಮೊದಲೇ ಸ್ವಲ್ಪವೇ ಉಳಿದಿತ್ತು. ಸರ್ ಕೂಡಿಸಿ ಕಳೆದು ನೋಡಿ, ಹಿತ್ತಾಳೆ ತುಂಡನ್ನು ರಟ್ಟಿನ ಮೇಲೆ ಅಡ್ಡ ಮಲಗಿಸಿದರು.

"ಹೋದ," ಅಂದರು.

ನಾನು ನಿಂತೇ ಇದ್ದೆ. ತೊಡೆ ತಟ್ಟಿದ ಕೈ ಇನ್ನೂ ಚುರುಗುಟ್ಟುತ್ತಿತ್ತು.

"ನಿಮಗೆಲ್ಲ ಗೊತ್ತಿತ್ತಾ, ಅವನು ಏಳ್ತಾನೆ ಅಂತ?"

"ಮುಟ್ಟಬ್ಯಾಡ್ರಿ ಅಂತ ನೀವೇ ಅಂದ್ರಲ್ಲ ಅಣ್ಣ," ಅಂದಳು ಡಾಕ್ಟರಮ್ಮ. "ನಿಮ್ಮದೇನೋ ಪ್ಲಾನ್ ಇರ್ಬೇಕು ಅಂದ್ಕೊಂಡೆ."

"ಬೆನ್ನು ತೋರಿಸಿ ಕೈ ಎತ್ತೋದು ಎಂಥ ಪ್ಲಾನವ್ವ?"

ಅವಳು ನಗು ತಡೆಯಲಿಕ್ಕೆ ಬಾಯಿಗೆ ಕೈ ಅಡ್ಡ ಇಟ್ಟಳು. ಭಾಯ್ ಮಾತ್ರ, "ನಾನು ಗಂಟು ಎತ್ತಿದ್ದು ತಪ್ಪಾಯ್ತು ಉಸ್ತಾದ್. ಆಸೆ ಬಿತ್ತು," ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಕಳ್ಳನ ಪಾತ್ರ, ಕಳ್ಳತನ ಮಾಡಿದ.

ಗೆಳೆಯನ ಕಡೆ ತಿರುಗಿದೆ.

"ಲೇ, ನೀನು ಓದಿದ್ದಿ. ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಶೆಡ್ಡಿನ ಹಿಂದ ಹೇಳಿದ್ಯಲ್ಲ, ಬೀಳ್ತಾನೆ ಅಂತ. ಏಳ್ತಾನೆ ಅಂತ ಯಾಕ ಹೇಳ್ಲಿಲ್ಲ?"

"ಹೇಳೋನಿದ್ದೆ. ನೀನು ಸಾಕು ಬಿಡು ಅಂದಿ. ಎದ್ದು ಪಟ್ಟು ತೋರ್ಸಾಕ ಹತ್ತಿದಿ. ಎಷ್ಟು ದಿನದ ಮ್ಯಾಲೆ ಹಂಗ ನಿಂತಿದ್ದಿ. ನಿನ್ನ ಖುಷಿ ನೋಡಿ ಬಾಯಿ ಬರ್ಲಿಲ್ಲ."

"ಈಗ? ಈಗ ಸರ್ ಎರಡು ಸಲ ಕೇಳಿದ್ರಲ್ಲ. ಅವಾಗೇನು ಬಾಯಿಗೆ ಬೀಗ ಬಿದ್ದಿತ್ತಾ?"

"ಅವಾಗ್ಲೂ ಅದೇ ಕಣಲೇ. ತೊಡೆ ತಟ್ಟಿದ್ಯಲ್ಲ. ಪಾಪ ಅನ್ನಿಸ್ತು."

ಪಾಪ. ಅದೊಂದು ಮಾತು ಅವನು ಆಡಬಾರದಿತ್ತು. ನಾನು ಕಡೆದ ಪಾರ್ಟು ಒಂದು ಕೂದಲೆಳೆ ಹೆಚ್ಚಿದ್ದರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುವವನು ಇವನು. ಅಲ್ಲಿ ಪಾಪ ಅನ್ನಿಸುವುದಿಲ್ಲ. ಅಲ್ಲಿ ನನ್ನನ್ನು ಕೆಲಸಗಾರ ಅಂತ ನೋಡುತ್ತಾನೆ, ಅದು ಸರಿ. ಇಲ್ಲಿ ನನ್ನನ್ನು ಏನು ಅಂತ ನೋಡಿದ? ಆಟಿಕೆ ಕೊಟ್ಟರೆ ಸುಮ್ಮನಾಗುವ ಮಗು ಅಂತಲೇ? ಏಳುತ್ತಾನೆ ಕಣೋ ಅಂತ ಒಂದು ಮಾತು. ಅದನ್ನು ಹೇಳಿದ್ದರೆ ನಾನು ಬೈಯುತ್ತಿದ್ದೆ, ಪುಸ್ತಕ ಬರೆದವನಿಗೆ ಬೈಯುತ್ತಿದ್ದೆ, ಸಂಜೆಯೊಳಗೆ ಬೇರೆ ಪಟ್ಟು ಆರಿಸಿಕೊಳ್ಳುತ್ತಿದ್ದೆ. ಅಷ್ಟೇ ಆಗುತ್ತಿದ್ದುದು.

"ಬದುಕಿಸೋ ಮಂತ್ರ ನನ್ನ ಹತ್ರ ಐತೆ," ಅಂದ ಗೆಳೆಯ. "ಸರ್, ಈಗ ಹಾಕ್ಬೋದಲ್ಲ?"

"ಹಾಕ್ಬೋದು," ಅಂದರು ಸರ್. "ತಕ್ಷಣ ಹಾಕಿದ್ರೆ ಎದ್ದು ಕೂಡ್ತಾನೆ."

"ಆ ಮಂತ್ರ ಒಂದೇ ಉಳಿದಿರೋದು," ಅಂದಳು ಡಾಕ್ಟರಮ್ಮ. "ಮುಂದೆ ಬೇಕಾಗ್ತೈತೆ."

ಸರ್ ಪುಸ್ತಕ ಮುಚ್ಚಿದರು. ಆಮೇಲೆ ಮೆತ್ತಗೆ ಹೇಳಿದರು, ಪಾಠ ಹೇಳುವ ಹಾಗೆ. "ನೋಡಪ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಹೊಸ ಪಾತ್ರ ಮಾಡ್ಕೋ. ಈ ಸಲ ಪಟ್ಟುಗಿಟ್ಟು ಬ್ಯಾಡ. ಬರೀ ಹೊಡಿಯೋನನ್ನ ಮಾಡು. ನಿನಗೂ ತಲೆಬಿಸಿ ಇರಲ್ಲ, ನಮಗೂ ಇರಲ್ಲ."

ಆಗ ಬಾಯಿ ಬಿಟ್ಟೆ. ಏನೇನು ಅಂದೆನೋ ಎಲ್ಲ ಬರೆಯಲು ಬರುವುದಿಲ್ಲ, ಕೆಲವು ಬರೆಯಬಾರದು. ನೆನಪಿರುವುದು ಇಷ್ಟು.

"ತಲೆಬಿಸಿ ನನಗ ಬೇಕ್ರಿ ಸರ್. ಬರೀ ನಿಂತು ಹೊಡಿಯೋದು ವಾರದಾಗ ಆರು ದಿನ ಮಾಡ್ತೀನಿ. ಅದನ್ನ ಭಾನುವಾರ ಮಾಡಾಕ ಇಲ್ಲಿ ತನಕ ಬರಬೇಕಾ? ನಿಮ್ಮ ಡಾಕ್ಟರಮ್ಮ ಮಂತ್ರ ತಪ್ಪು ಹಾಕಿ ಹೋದ ತಿಂಗಳು ನಮ್ಮ ಹಡಗೇ ಸುಟ್ಲು. ಅವಳಿಗೆ ಮಂತ್ರ ಬ್ಯಾಡ, ಬರೀ ಕೋಲು ಹಿಡ್ಕೋ ಅಂತ ಅಂದ್ರಾ ನೀವು?"

ಡಾಕ್ಟರಮ್ಮನ ನಗು ನಿಂತಿತು. "ಅದು ಹೌದು ಸರ್," ಅಂದಳು ಆಮೇಲೆ, ಸಣ್ಣ ದನಿಯಲ್ಲಿ. "ನನಗೆ ಯಾರೂ ಹಂಗನ್ನಲಿಲ್ಲ."

ಗೆಳೆಯ ದಾಳ ಕೈಗೆ ತಗೊಂಡ. "ಬಿಡಲೇ, ಬದುಕಿಸ್ತೀನಿ ಈಗ."

"ಕೆಳಗಿಡು," ಅಂದೆ. "ಬದುಕಿಸಬ್ಯಾಡ."

"ಯಾಕ?"

"ಪಾಪ ಅಂತ ಸಾಯೋಕೆ ಬಿಟ್ಟಿ. ಈಗ ಪಾಪ ಅಂತ ಬದುಕಿಸ್ತೀಯಾ? ಸತ್ತೋನು ಸತ್ತ. ಅವನ ಸುದ್ದಿಗೆ ಬರಬ್ಯಾಡ."

ಅವನು ದಾಳ ಕೆಳಗಿಟ್ಟ. ಕಣ್ಣು ಕೆಂಪಾಗಿತ್ತು. ಆಗಲಿ ಅಂದುಕೊಂಡೆ.

ಆಮೇಲೆ ಸರ್‌ಗೆ ಹೇಳಿದೆ. ಹೊಸ ಜಟ್ಟಿ ಮಾಡುತ್ತೇನೆ, ಪಟ್ಟಿನವನನ್ನೇ. ಪುಸ್ತಕದಲ್ಲಿರುವ ಪಟ್ಟುಗಳನ್ನೆಲ್ಲ ಈಗ, ಇಲ್ಲೇ, ಮೊದಲಿನಿಂದ ಕೊನೆಯ ತನಕ ಕನ್ನಡದಲ್ಲಿ ಓದಿ ಹೇಳಿರಿ. ನಾನು ಸಾಕು ಅಂದರೂ ನಿಲ್ಲಿಸಬೇಡಿ. ನನ್ನ ಮುಖ ನೋಡಬೇಡಿ, ಪುಸ್ತಕ ನೋಡಿ.

ಓದಿದರು. ಸರ್‌ಗೆ ದನಿ ಸೋತಾಗ ಡಾಕ್ಟರಮ್ಮ ಓದಿದಳು. ಕೇಳಿದಷ್ಟೂ ಸಿಟ್ಟು ಹೆಚ್ಚಾಯಿತು. ನಾನು ತಿಳಿದುಕೊಂಡದ್ದರಲ್ಲಿ ಅರ್ಧ ಬೇರೆಯೇ ಇತ್ತು. ಹಿಂದಕ್ಕೆ ದಬ್ಬುವ ಪಟ್ಟಿನಿಂದ ಒಬ್ಬನನ್ನು ದಿಬ್ಬದಿಂದಲೂ ಕೆಡವಬಹುದಿತ್ತು; ನಾನು ಅದನ್ನು ಬಾಗಿಲ ಹತ್ತಿರ ಜಾಗ ಮಾಡಿಕೊಳ್ಳಲಿಕ್ಕೆ ಮಾತ್ರ ಹಾಕುತ್ತಿದ್ದೆ. ಮತ್ತೆ ಈ ಕಾಲು ಕೊಡುವುದು. ಅದು ಗೆಲ್ಲುವ ಪಟ್ಟೇ ಅಲ್ಲ. ನಾನು ಕೆಡವಬೇಕು, ಅವನು ಏಳುವುದರೊಳಗೆ ಹತ್ತಿರ ಇರುವವರೆಲ್ಲ ಬಂದು ಬಿದ್ದವನಿಗೆ ಹೊಡೆಯಬೇಕು. ಬಿದ್ದವನಿಗೆ ಏಟು ಸುಲಭವಾಗಿ ತಾಗುತ್ತದಂತೆ. ಅದಕ್ಕೇ ಇರುವುದು ಆ ಪಟ್ಟು.

"ಒಬ್ಬ ಬಿದ್ದಾಗ ನಾಲ್ಕು ಮಂದಿ ಸೇರಿ ಹೊಡಿಯೋದಾ?" ಅಂದೆ.

"ಯುದ್ಧ ಅಲ್ಲೇನಪ," ಅಂದರು ಸರ್.

"ಬಸ್ ಸ್ಟ್ಯಾಂಡಿನಾಗೂ ಹಂಗೇ ಹೊಡೀತಾರ್ರಿ. ಅದನ್ನ ಪಟ್ಟು ಅನ್ನಲ್ಲ."

"ಬರೋಬ್ಬರಿ ಹೇಳ್ದಿ ಉಸ್ತಾದ್," ಅಂದ ಭಾಯ್.

ಆ ಪಟ್ಟು ತೆಗೆದುಕೊಳ್ಳಲಿಲ್ಲ. ಅದು ಬಹಳ ಕೆಲಸಕ್ಕೆ ಬರುವುದು ಅಂತ ಸರ್, ಡಾಕ್ಟರಮ್ಮ, ಭಾಯ್ ಮೂವರೂ ಹೇಳಿದರು. ಬರಲಿ. ಆಯುಧ ಕಸಿಯುವುದು, ಏಟು ತಿರುಗಿಸುವುದು, ದಬ್ಬುವುದು, ಈ ಮೂರು ತೆಗೆದುಕೊಂಡೆ. ಪ್ರತಿಯೊಂದನ್ನೂ ನನ್ನ ಬಾಯಿಂದ ಒಪ್ಪಿಸಿದೆ, ಸರ್ ತಪ್ಪು ತಿದ್ದಿದರು. ಹೊಸ ಜಟ್ಟಿ ತೀರಾ ಕೆಳಗಿನ ಮಟ್ಟದವನು, ಒಂದು ಏಟಿಗೆ ಅರ್ಧ ಜೀವ ಹೋಗುತ್ತದೆ. ಇವತ್ತಿಗೂ ಅವನನ್ನೇ ಆಡುತ್ತಿದ್ದೇನೆ.

ಹರಿಹರಕ್ಕೆ ಗೆಳೆಯನ ಗಾಡಿಯಲ್ಲೇ ವಾಪಸ್ ಬಂದೆವು. ಮನೆ ಹತ್ತಿರ ಇಳಿಸಿ, "ನಾಳೆ ಊಟಕ್ಕೆ ಶೆಡ್ಡಿನ ಹಿಂದ ಬರ್ತೀಯಲ್ಲ?" ಅಂದ. ಬರುತ್ತೇನೆ ಅಂದೆ. ಹೋಗುತ್ತೇನೆ, ಈಗಲೂ ದಿನಾ ಹೋಗುತ್ತೇನೆ. ಒಟ್ಟಿಗೆ ಊಟ ಮಾಡುತ್ತೇವೆ. ಅವನ ಕೈಯಲ್ಲಿ ಓದಿಸುವುದನ್ನು ಮಾತ್ರ ಬಿಟ್ಟೆ. ಅವನು ಎರಡು ಸಲ ಮೊಬೈಲ್ ತೆಗೆದ, ಬೇಡ ಅಂದೆ. ಡಾಕ್ಟರಮ್ಮ ಓದಿ, ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ, ಅದನ್ನು ಕೇಳಿಕೊಳ್ಳುತ್ತೇನೆ. ಅವಳಿಗೆ ನನ್ನನ್ನು ನೋಡಿ ಪಾಪ ಅನ್ನಿಸುವುದಿಲ್ಲ. ತಪ್ಪು ಮಾಡಿದರೆ ನಗುತ್ತಾಳೆ, ಎದುರಿಗೇ.

ಗೆಳೆಯನಿಗೆ ಇದು ನೋವಾಗಿದೆ ಅಂತ ಗೊತ್ತು. ನನಗೂ ಆಯಿತು. ಹೇಳುವುದು ಇಷ್ಟೇ, ಇನ್ನೇನೂ ಇಲ್ಲ.